ತೌಡಿನ ರಂಜಕ, ಬಿಸಿಲಿಗೆ ಬಗ್ಗದ ಕಿಣ್ವ

ಸಿರುಗುಪ್ಪ ತಾಲ್ಲೂಕಿನ ಕರೂರು, ತೆಕ್ಕಲಕೋಟೆ, ಇತ್ತ ಕುರುಗೋಡು, ಕಂಪ್ಲಿಯವರೆಗೆ ತುಂಗಭದ್ರೆಯ ನೀರು ಮುಟ್ಟಿದ ಕಡೆಯೆಲ್ಲ ಭತ್ತದ್ದೇ ಮಾತು. ಒಂದು ಕ್ವಿಂಟಲ್ ಭತ್ತ ರೈಸ್ ಮಿಲ್ಲಿಗೆ ಹೋದರೆ ಅಕ್ಕಿಯ ಜೊತೆಗೆ ಹೊಟ್ಟು, ನುಚ್ಚು ಮತ್ತು ಆರರಿಂದ ಎಂಟು ಕಿಲೋ ತೌಡು ಬರುತ್ತದೆ. ಅಕ್ಕಿಯ ದರದ ಬಗ್ಗೆ ಪ್ರತಿ ಹಂಗಾಮಿನಲ್ಲೂ ಚರ್ಚೆ ನಡೆಯುತ್ತದೆ, ತೌಡಿನ ಬಗ್ಗೆ ಅಷ್ಟಾಗಿ ಯಾರೂ ಮಾತನಾಡುವುದಿಲ್ಲ. ಆದರೆ ಭತ್ತದ ಗಿಡ ಮಣ್ಣಿನಿಂದ ಹೀರಿಕೊಂಡು ಕಾಳಿಗೆ ಸಾಗಿಸಿದ ರಂಜಕದಲ್ಲಿ ದೊಡ್ಡ ಪಾಲು ಇರುವುದು ಅಕ್ಕಿಯ ಮೇಲಿನ ಆ ತೆಳು ಪದರದಲ್ಲೇ. ಪಾಲಿಶ್ ಮಾಡುವಾಗ ಅದು ತೌಡಿನ ಜೊತೆ ಹೋಗಿಬಿಡುತ್ತದೆ. ನೂರು ಕಿಲೋ ತೌಡಿನಲ್ಲಿ ಸುಮಾರು ಒಂದೂವರೆ ಕಿಲೋ ರಂಜಕ ಇರುತ್ತದೆ, ಮೆಕ್ಕೆಜೋಳದಲ್ಲಿರುವುದಕ್ಕಿಂತ ಐದು ಪಟ್ಟು. ಈ ರಂಜಕಕ್ಕಾಗಿ ರೈತ ಗದ್ದೆಗೆ ಡಿಎಪಿ ಚೀಲಗಳನ್ನು ಸುರಿದಿದ್ದಾನೆ. ಆ ಡಿಎಪಿಗೆ ಬೇಕಾದ ಶಿಲಾರಂಜಕವನ್ನು ದೇಶ ಬಹುಪಾಲು ಹೊರಗಿನಿಂದ ತರಿಸಿದೆ. ಹಾಗಾಗಿ ತೌಡಿನಲ್ಲಿರುವುದು ನಾವು ಒಮ್ಮೆ ದುಡ್ಡು ಕೊಟ್ಟು ಕೊಂಡ ರಂಜಕ.

ಈ ತೌಡು, ಎಣ್ಣೆ ತೆಗೆದ ಮೇಲೆ ಉಳಿಯುವ ತೌಡು, ಎರಡೂ ದನದ ಬಾನಿಗೂ ಕೋಳಿ ಫಾರಂಗೂ ಹೋಗುತ್ತವೆ. ಪಶು ಆಹಾರದ ಬೆಲೆ ಏರಿದಾಗ, 2023ರ ಜುಲೈನಲ್ಲಿ, ಕೇಂದ್ರ ಸರ್ಕಾರ ಎಣ್ಣೆ ತೆಗೆದ ತೌಡಿನ ರಫ್ತನ್ನೇ ನಿಲ್ಲಿಸಿತು. ಅಷ್ಟು ಬೇಡಿಕೆಯ ಸರಕು ಇದು. ದನಕ್ಕೆ ತೌಡಿನ ರಂಜಕ ದಕ್ಕುತ್ತದೆ, ಏಕೆಂದರೆ ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ಬಿಡಿಸಿಕೊಡುತ್ತವೆ. ಕೋಳಿಗೆ ಹೆಚ್ಚೇನೂ ದಕ್ಕುವುದಿಲ್ಲ. ತೌಡಿನ ರಂಜಕದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗ ಫೈಟೇಟ್ ಎಂಬ ರೂಪದಲ್ಲಿರುತ್ತದೆ. ಒಂದು ಸಣ್ಣ ಸಕ್ಕರೆಯಂಥ ಉಂಗುರ, ಅದರ ಸುತ್ತ ಆರು ಫಾಸ್ಫೇಟ್‌ಗಳು. ಬೀಜ ಮೊಳೆಯುವಾಗ ಬೇಕಾದೀತೆಂದು ಗಿಡ ಕೂಡಿಟ್ಟ ಬುತ್ತಿ ಅದು. ಈ ಫಾಸ್ಫೇಟ್‌ಗಳನ್ನು ಒಂದೊಂದಾಗಿ ಕತ್ತರಿಸಿ ಬಿಡಿಸುವ ಫೈಟೇಸ್ ಎಂಬ ಕಿಣ್ವ ಕೋಳಿಯ ಕರುಳಿನಲ್ಲಿ ಸಾಕಷ್ಟು ಹುಟ್ಟುವುದಿಲ್ಲ. ಜೊತೆಗೆ ಫೈಟೇಟ್ ಸುಮ್ಮನಿರುವುದೂ ಇಲ್ಲ. ಕ್ಯಾಲ್ಸಿಯಂ, ಸತು, ಕಬ್ಬಿಣ, ಪ್ರೋಟೀನುಗಳನ್ನೂ ಹಿಡಿದಿಟ್ಟುಕೊಂಡು ಹಿಕ್ಕೆಯೊಂದಿಗೆ ಹೊರಹೋಗುತ್ತದೆ. ಆದ್ದರಿಂದ ರಂಜಕ ತುಂಬಿದ ತೌಡನ್ನು ತಿನ್ನಿಸುತ್ತಲೇ ಸಾಕಾಣಿಕೆದಾರ ಡಿಸಿಪಿಯನ್ನು, ಅಂದರೆ ಡೈಕ್ಯಾಲ್ಸಿಯಂ ಫಾಸ್ಫೇಟನ್ನು, ಬೇರೆ ಕೊಂಡು ಬೆರೆಸಬೇಕು. ಡಿಸಿಪಿಗೂ ಮೂಲ ಬಹುಮಟ್ಟಿಗೆ ಅದೇ ಶಿಲಾರಂಜಕ. ಒಂದೇ ಪದಾರ್ಥಕ್ಕೆ ಗದ್ದೆಯಲ್ಲೊಮ್ಮೆ, ಫಾರಂನಲ್ಲೊಮ್ಮೆ ಎರಡು ಸಲ ಬೆಲೆ ತೆರುತ್ತಿದ್ದೇವೆ.

ಫೈಟೇಸನ್ನು ಹೊರಗಿನಿಂದ ಬೆರೆಸಿದರೆ ಏನಾಗುತ್ತದೆ ಎಂಬುದರ ಲೆಕ್ಕ ಸರಳ. ಒಂದು ಕಿಲೋ ಆಹಾರಕ್ಕೆ 500 ಯೂನಿಟ್ ಎಂಬುದು ರೂಢಿಯ ಪ್ರಮಾಣ. ಗ್ರಾಮಿಗೆ 5,000 ಯೂನಿಟ್ ಬಲದ ಪುಡಿಯಾದರೆ ಒಂದು ಟನ್ ಆಹಾರಕ್ಕೆ ನೂರು ಗ್ರಾಂ ಸಾಕು. ಅದು ಟನ್ನಿಗೆ ಒಂದು ಕಿಲೋದಷ್ಟು ರಂಜಕವನ್ನು ಬಿಡಿಸಿಕೊಟ್ಟರೂ, ನೂರಕ್ಕೆ 18ರಷ್ಟು ರಂಜಕವಿರುವ ಡಿಸಿಪಿಯಲ್ಲಿ ಐದೂವರೆ ಕಿಲೋ ಉಳಿಯಿತು. ಒಂದು ಮೊಟ್ಟೆ ಕೋಳಿ ದಿನಕ್ಕೆ ಸುಮಾರು 110 ಗ್ರಾಂ ತಿನ್ನುತ್ತದೆ. ಹತ್ತು ಸಾವಿರ ಕೋಳಿಗಳ ಫಾರಂನಲ್ಲಿ ದಿನವೊಂದಕ್ಕೆ ಒಂದು ಟನ್ನಿಗೂ ಸ್ವಲ್ಪ ಹೆಚ್ಚು ಆಹಾರ ಖರ್ಚಾಗುತ್ತದೆ, ಅಂದರೆ ದಿನಕ್ಕೆ ಆರು ಕಿಲೋ ಡಿಸಿಪಿ ಉಳಿತಾಯ. ವರ್ಷಕ್ಕೆ ಎರಡು ಟನ್ನಿಗೂ ಮೇಲೆ. 1991ರಲ್ಲಿ ಯುರೋಪಿನಲ್ಲಿ ಆಸ್ಪರ್ಜಿಲಸ್ ಎಂಬ ಬೂಷ್ಟಿನಿಂದ ತೆಗೆದ ಮೊದಲ ಫೈಟೇಸ್ ಮಾರುಕಟ್ಟೆಗೆ ಬಂತು. ಇಂದು ಜಗತ್ತಿನ ಕೋಳಿ ಮತ್ತು ಹಂದಿ ಆಹಾರದಲ್ಲಿ ಅದು ಸಾಮಾನ್ಯ ಸಾಮಗ್ರಿ. ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಒಂದೇ ಒಂದು ಷರತ್ತಿನ ಮೇಲೆ. ಚೀಲದ ಮೇಲೆ ಬರೆದ 5,000 ಯೂನಿಟ್ ಕೋಳಿಯ ಹೊಟ್ಟೆ ಸೇರುವವರೆಗೂ ಬದುಕಿರಬೇಕು. ಕಿಣ್ವ ಎಷ್ಟು ಚುರುಕು ಎಂಬುದಕ್ಕಿಂತ ಎಷ್ಟು ಗಟ್ಟಿ ಎಂಬುದೇ ಮುಖ್ಯ ಪ್ರಶ್ನೆ, ಅದರಲ್ಲೂ ಬಳ್ಳಾರಿಯಂಥ ಸೀಮೆಯಲ್ಲಿ ಆ ಗಟ್ಟಿತನವನ್ನು ನಮ್ಮ ಹವೆಯಲ್ಲೇ ಅಳೆಯದೆ ನಂಬಬಾರದು ಎಂಬುದು ಈ ಲೇಖನದ ವಾದ.

ಕಿಣ್ವವೆಂದರೆ ಪ್ರೋಟೀನು. ಅಮೈನೊ ಆಮ್ಲಗಳ ಉದ್ದನೆಯ ಎಳೆಯೊಂದು ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡು ನಿಂತರೆ ಮಾತ್ರ ಅದು ಕೆಲಸ ಮಾಡುತ್ತದೆ. ಬಿಸಿ ತಾಗಿದರೆ ಮಡಿಕೆ ಬಿಚ್ಚುತ್ತದೆ, ಬಿಚ್ಚಿದ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿ ಗಟ್ಟಿಯಾಗಿ ಮತ್ತೆ ನೀರಾಗದಿರುವುದು ಇದೇ ಕಾರಣಕ್ಕೆ. ಮಾಂಸದ ಕೋಳಿಗೆ ಕೊಡುವ ಆಹಾರವನ್ನು ಫೀಡ್ ಮಿಲ್ಲಿನಲ್ಲಿ ಹಬೆ ಹಾಯಿಸಿ 80ರಿಂದ 90 ಡಿಗ್ರಿಯವರೆಗೆ ಕಾಯಿಸಿ, ಅಚ್ಚಿನಲ್ಲಿ ಒತ್ತಿ ಪೆಲೆಟ್ ಮಾಡುತ್ತಾರೆ. ಸಾಲ್ಮೊನೆಲ್ಲಾದಂಥ ರೋಗಾಣು ಸಾಯಲಿ, ಹಿಟ್ಟು ಚೆನ್ನಾಗಿ ಜೀರ್ಣವಾಗಲಿ ಎಂದು ಈ ಬಿಸಿ ಬೇಕೇ ಬೇಕು. ತೌಡಿನ ವಿಷಯದಲ್ಲೂ ಬಿಸಿ ಒಳ್ಳೆಯದೇ ಮಾಡುತ್ತದೆ. ತೌಡಿನೊಳಗೇ ಇರುವ ಲೈಪೇಸ್ ಎಂಬ ಇನ್ನೊಂದು ಕಿಣ್ವ ಕೆಲವೇ ದಿನಗಳಲ್ಲಿ ಅದರ ಎಣ್ಣೆಯನ್ನು ಒಡೆದು ಕಮಟು ವಾಸನೆ ಬರಿಸುತ್ತದೆ, ಅದನ್ನು ಕೊಲ್ಲಲು ಬಿಸಿಯೇ ಉಪಾಯ. ಸಾಯಬೇಕಾದ ಕಿಣ್ವವನ್ನು ಕೊಲ್ಲುವ ಬಿಸಿಯೇ ಬದುಕಬೇಕಾದ ಕಿಣ್ವವನ್ನೂ ಕೊಲ್ಲುತ್ತದೆ. ಮೊದಲ ತಲೆಮಾರಿನ ಫೈಟೇಸ್‌ಗಳು ಈ ಹಬೆಗೆ ತಮ್ಮ ಬಲದ ದೊಡ್ಡ ಭಾಗವನ್ನು ಕಳೆದುಕೊಳ್ಳುತ್ತಿದ್ದವು. ಕಿಣ್ವವನ್ನು ಗಟ್ಟಿಮಾಡುವ ಸಂಶೋಧನೆಗೆ ದುಡ್ಡು ಹರಿದು ಬಂದದ್ದು ಮುಖ್ಯವಾಗಿ ಈ ಪೆಲೆಟ್ ಯಂತ್ರದ ದೆಸೆಯಿಂದ.

ಇಲ್ಲಿ ನಮ್ಮ ಸೀಮೆಯ ಒಂದು ವಿಶೇಷವನ್ನು ಮರೆಯಬಾರದು. ಭಾರತದಲ್ಲಿ ಮೊಟ್ಟೆ ಕೋಳಿಗೆ ಹೆಚ್ಚಾಗಿ ಕೊಡುವುದು ಪೆಲೆಟ್ ಅಲ್ಲ, ಮ್ಯಾಷ್, ಅಂದರೆ ಬರಿಯ ಪುಡಿ ಆಹಾರ. ದೊಡ್ಡ ಫಾರಂಗಳು ಮೆಕ್ಕೆಜೋಳ, ಸೋಯಾ ಹಿಂಡಿ, ತೌಡು, ಸುಣ್ಣದ ಕಲ್ಲಿನ ನುರಿಯನ್ನು ತಾವೇ ಕೊಂಡು ತಮ್ಮ ಶೆಡ್ಡಿನಲ್ಲೇ ಬೆರೆಸಿಕೊಳ್ಳುತ್ತವೆ. ಅಲ್ಲಿ ಹಬೆಯೇ ಇಲ್ಲ. ಹಾಗಾದರೆ ಬಿಸಿ ತಾಳುವ ಕಿಣ್ವದ ಗೊಡವೆ ನಮಗೇಕೆ, ಅಗ್ಗದ ಹಳೆಯ ಕಿಣ್ವವೇ ಸಾಲದೆ ಎಂದು ಕೇಳಬಹುದು. ಇದು ಗಂಭೀರವಾದ ಆಕ್ಷೇಪ, ಪೆಲೆಟ್ ಬಿಸಿಯೊಂದನ್ನೇ ನೋಡುವವರಿಗೆ ಇದಕ್ಕೆ ಉತ್ತರವಿಲ್ಲ. ಆದರೆ ಬಿಸಿ ಬರುವುದು ಹಬೆಯಿಂದ ಮಾತ್ರವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿಯ ನೆರಳಿನ ತಾಪವೇ 40 ಡಿಗ್ರಿ ದಾಟುತ್ತದೆ, ತಗಡಿನ ಛಾವಣಿಯ ಗೋದಾಮಿನೊಳಗೆ ಅದಕ್ಕಿಂತ ಹೆಚ್ಚು. ಹಬೆಯ ಪೆಟ್ಟು ನಿಮಿಷದಲ್ಲಿ ಮುಗಿಯುತ್ತದೆ, ಗೋದಾಮಿನ ಬಿಸಿ ವಾರಗಟ್ಟಲೆ ಬಿಡದೆ ಇರುತ್ತದೆ. ಮಳೆಗಾಲ ಬಂದರೆ ಅದಕ್ಕೆ ತೇವ ಸೇರುತ್ತದೆ. ಇನ್ನು ಕಿಣ್ವವನ್ನು ವಿಟಮಿನ್ ಮತ್ತು ಖನಿಜಗಳ ಪ್ರಿಮಿಕ್ಸ್ ಜೊತೆ ಬೆರೆಸಿಟ್ಟಿದ್ದರೆ ಅದರಲ್ಲಿರುವ ಕೋಲಿನ್ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ತಾಮ್ರ ಮತ್ತು ಕಬ್ಬಿಣದ ಲವಣಗಳು ಪ್ರೋಟೀನನ್ನು ಕೆಡಿಸುತ್ತವೆ. ಕಿಣ್ವ ತಯಾರಕರು ಹಬೆಯನ್ನು ತಾಳಿದ ಅಂಕಿ ತೋರಿಸಿದರೆ ಸಿರುಗುಪ್ಪದ ಫಾರಂಗೆ ಅರ್ಧ ಉತ್ತರ ಮಾತ್ರ ಸಿಕ್ಕಂತೆ.

ಕಿಣ್ವ ಸತ್ತರೆ ನಷ್ಟ ಬರಿಯ ಪುಡಿಯ ಬೆಲೆಯಷ್ಟೇ ಆಗಿದ್ದರೆ ಇಷ್ಟು ಉದ್ದ ಬರೆಯಬೇಕಿರಲಿಲ್ಲ. ಫೈಟೇಸ್ ಬಳಸುವವರು ಅದನ್ನು ನಂಬಿ ಡಿಸಿಪಿಯನ್ನು ಕಡಿಮೆ ಮಾಡುತ್ತಾರೆ, ಲಾಭ ಬರುವುದೇ ಹಾಗೆ. ಕಿಣ್ವ ಗೋದಾಮಿನಲ್ಲೇ ಬಲ ಕಳೆದುಕೊಂಡಿದ್ದರೆ ಕೋಳಿಗೆ ಡಿಸಿಪಿಯೂ ಇಲ್ಲ, ಬಿಡಿಸಿದ ರಂಜಕವೂ ಇಲ್ಲ. ಪಂಜರದ ಕೋಳಿ ತನ್ನ ಮೂಳೆಯನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ, ಕಾಲು ಸೋಲುತ್ತದೆ, ಇಳುವರಿ ಬೀಳುತ್ತದೆ. ಇಂಥ ಕುಸಿತ ಒಂದೇ ದಿನ ಕಾಣಿಸುವುದಿಲ್ಲ. ಕಂಡಾಗ ರೋಗವೋ, ನೀರಿನ ದೋಷವೋ, ಮೆಕ್ಕೆಜೋಳದ ಬೂಷ್ಟೋ ಎಂದು ಹುಡುಕುತ್ತಾರೆ, ಸತ್ತ ಕಿಣ್ವದ ಮೇಲೆ ಅನುಮಾನ ಬರುವುದು ಕಡೆಗೆ. ಬೆಲೆ ಕೊಟ್ಟು ಕೊಂಡವನ ತಲೆಯ ಮೇಲೆಯೇ ಇಡೀ ಅಪಾಯ ಬೀಳುವ ಈ ವ್ಯವಸ್ಥೆಯಲ್ಲಿ ಗಟ್ಟಿತನವನ್ನು ಉತ್ಪನ್ನದ ಒಂದು ಹೆಚ್ಚುವರಿ ಗುಣವೆಂದು ನೋಡಲಾಗದು. ಉತ್ಪನ್ನ ನಂಬಿಕೆಗೆ ಅರ್ಹವೇ ಅಲ್ಲವೇ ಎಂಬುದನ್ನು ಅದೇ ತೀರ್ಮಾನಿಸುತ್ತದೆ.

ಕೋಳಿಯ ಹೊಟ್ಟೆ ಸೇರಿದ ಮೇಲೂ ಪರೀಕ್ಷೆ ಮುಗಿಯುವುದಿಲ್ಲ. ಅಲ್ಲಿ ಆಮ್ಲವಿದೆ, ಪ್ರೋಟೀನು ಕತ್ತರಿಸುವ ಪೆಪ್ಸಿನ್ ಇದೆ. ಫೈಟೇಸ್ ಕೆಲಸ ಮುಗಿಸಬೇಕಾದದ್ದು ಕೊರಳಿನ ಕಾಳುಚೀಲದಿಂದ ಅರೆಯುವ ಹೊಟ್ಟೆಯವರೆಗಿನ ಹಾದಿಯಲ್ಲೇ. ಮುಂದೆ ಕರುಳಿಗೆ ಹೋದರೆ ಆಮ್ಲ ತಗ್ಗುತ್ತದೆ, ಫೈಟೇಟ್ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಗಸಿಯಾಗುತ್ತದೆ, ಆಮೇಲೆ ಕಿಣ್ವಕ್ಕೆ ಅದು ಸಿಗುವುದಿಲ್ಲ. ಮೊಟ್ಟೆ ಕೋಳಿಯ ಆಹಾರದಲ್ಲಿ ನೂರಕ್ಕೆ ನಾಲ್ಕರ ಹತ್ತಿರ ಕ್ಯಾಲ್ಸಿಯಂ ಇರುವುದರಿಂದ ಈ ತೊಂದರೆ ಇನ್ನೂ ಜಾಸ್ತಿ. ಆದರೆ ಚೀಲದ ಮೇಲಿನ ಯೂನಿಟ್ ಅಳೆಯುವುದು ಪ್ರಯೋಗಾಲಯದ 37 ಡಿಗ್ರಿಯಲ್ಲಿ, ಪಿಎಚ್ 5.5ರ ಹದವಾದ ದ್ರಾವಣದಲ್ಲಿ. ಕೋಳಿಯ ಮೈಬಿಸಿ 41 ಡಿಗ್ರಿ, ಅರೆಯುವ ಹೊಟ್ಟೆಯ ಪಿಎಚ್ 3ರ ಆಸುಪಾಸು. ಒಂದೇ ಯೂನಿಟ್ ಬರೆದುಕೊಂಡ ಎರಡು ಪುಡಿಗಳು ಕೋಳಿಯೊಳಗೆ ಬೇರೆ ಬೇರೆ ಫಲ ಕೊಡಲು ಇದೇ ಕಾರಣ.

ಹಬೆ, ಗೋದಾಮು, ಹೊಟ್ಟೆ ಎಂಬ ಈ ಮೂರು ಪರೀಕ್ಷೆಗಳನ್ನೂ ದಾಟುವ ಕಿಣ್ವವನ್ನು ಪಡೆಯುವುದು ಹೇಗೆ? ಮೊದಲು ಹೊಳೆಯುವ ದಾರಿ, ಬಿಸಿಯಲ್ಲೇ ಬದುಕುವ ಜೀವಿಗಳನ್ನು ಹುಡುಕುವುದು. ಕುದಿಯುವ ಗೊಬ್ಬರದ ತಿಪ್ಪೆಯಲ್ಲಿ, ಕೊಳೆಯುವ ಎಲೆಯ ರಾಶಿಯಲ್ಲಿ 45 ಡಿಗ್ರಿಗೂ ಮೇಲೆ ಹಾಯಾಗಿ ಬೆಳೆಯುವ ಶಿಲೀಂಧ್ರಗಳಿವೆ. ಅವುಗಳ ಶರೀರಕ್ರಿಯೆ ಮತ್ತು ಕಿಣ್ವಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ರಮೇಶ್ ಮಹೇಶ್ವರಿ ಅವರು ದೀರ್ಘಕಾಲ ಅಭ್ಯಾಸ ಮಾಡಿದರು. 2000ನೇ ಇಸವಿಯಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ಸಮೀಕ್ಷೆಯನ್ನು ಈ ಕ್ಷೇತ್ರದವರು ಇಂದಿಗೂ ಓದುತ್ತಾರೆ. ಇಂಥದ್ದೇ ಒಂದು ಶಿಲೀಂಧ್ರದಿಂದ, ಥರ್ಮೊಮೈಸಿಸ್ ಲ್ಯಾನುಜಿನೋಸಸ್‌ನಿಂದ, ತೆಗೆದ ಫೈಟೇಸ್ ಹಳೆಯದಕ್ಕಿಂತ ಹೆಚ್ಚು ಬಿಸಿ ತಾಳುತ್ತದೆಂದು 1998ರಲ್ಲೇ ಗೊತ್ತಾಯಿತು. ಆದರೂ ಅದರ ಮಡಿಕೆ ಬಿಚ್ಚುವುದು 70 ಡಿಗ್ರಿಯ ಹತ್ತಿರ, ಹಬೆಯ ಬಿಸಿಗೆ ಅದು ಸಾಲದು. ತಿಪ್ಪೆಯ ಬೂಷ್ಟಿಗೆ ಪೆಲೆಟ್ ಯಂತ್ರದ ಬಿಸಿಯನ್ನು ಎದುರಿಸುವ ಅಗತ್ಯ ಎಂದೂ ಬಿದ್ದಿಲ್ಲ, ಆದ್ದರಿಂದ ಪ್ರಕೃತಿಯಲ್ಲಿ ಸಿದ್ಧ ಉತ್ತರ ಸಿಗದಿದ್ದರೆ ಅಚ್ಚರಿಯೂ ಇಲ್ಲ. ಮುಂದಿನದು ಮನುಷ್ಯನೇ ಮಾಡಬೇಕಾದ ಕೆಲಸ.

ಅದರಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ರೋಶ್ ಸಂಸ್ಥೆಯ ಮಾರ್ಟಿನ್ ಲೇಮನ್ ಮತ್ತು ಸಂಗಡಿಗರು ಹಿಡಿದ ದಾರಿ. ಅವರು 13 ಶಿಲೀಂಧ್ರ ಫೈಟೇಸ್‌ಗಳ ಅಮೈನೊ ಆಮ್ಲಗಳ ಸಾಲನ್ನು ಒಂದರ ಕೆಳಗೊಂದು ಬರೆದುಕೊಂಡು, ಪ್ರತಿ ಸ್ಥಾನದಲ್ಲೂ ಹೆಚ್ಚು ಸಲ ಬಂದಿರುವ ಅಮೈನೊ ಆಮ್ಲವನ್ನೇ ಆರಿಸಿ ಒಂದು ಹೊಸ ಪ್ರೋಟೀನನ್ನು ಕಟ್ಟಿದರು. ಯಾವ ಬೂಷ್ಟಿನಲ್ಲೂ ಇಲ್ಲದ ಆ ಪ್ರೋಟೀನು ಹದಿಮೂರರಲ್ಲಿ ಯಾವುದಕ್ಕೂ ಇಲ್ಲದಷ್ಟು ಗಟ್ಟಿಯಾಗಿತ್ತು, 15 ಡಿಗ್ರಿಗೂ ಹೆಚ್ಚಿನ ಅಂತರದಿಂದ. ಮುಂದೆ ತಿದ್ದುತ್ತ ಹೋದಾಗ ಮಡಿಕೆ ಬಿಚ್ಚುವ ಬಿಸಿ 90 ಡಿಗ್ರಿಯನ್ನು ಮುಟ್ಟಿತು. ವಿಕಾಸದ ಹಾದಿಯಲ್ಲಿ ಒಂದೊಂದು ಜೀವಿಯೂ ಅಲ್ಲೊಂದು ಇಲ್ಲೊಂದು ಸಡಿಲವಾದ ಬದಲಾವಣೆಯನ್ನು ಹೊತ್ತು ಬಂದಿರುತ್ತದೆ, ಎಲ್ಲರೂ ಉಳಿಸಿಕೊಂಡದ್ದನ್ನು ಮಾತ್ರ ಒಟ್ಟುಮಾಡಿದರೆ ಸಡಿಲವೆಲ್ಲ ಉದುರಿಹೋಗುತ್ತದೆ ಎಂಬ ತರ್ಕ ಅದರ ಹಿಂದಿತ್ತು. ಇನ್ನೊಂದು ದಾರಿ ಹೆಚ್ಚು ಶ್ರಮದ್ದು. ಅಮೆರಿಕದ ಡೈವರ್ಸಾ ಕಂಪನಿಯವರು ಇ. ಕೋಲಿ ಬ್ಯಾಕ್ಟೀರಿಯಾದ ಫೈಟೇಸ್‌ನಲ್ಲಿ ಒಂದೊಂದು ಸ್ಥಾನದಲ್ಲೂ ಉಳಿದ ಎಲ್ಲ ಅಮೈನೊ ಆಮ್ಲಗಳನ್ನು ಇಟ್ಟು ನೋಡಿ, ಬಿಸಿಗೆ ಹಾಕಿ ಬದುಕಿದವನ್ನು ಆರಿಸಿದರು. 2004ರಲ್ಲಿ ಅವರು ಪ್ರಕಟಿಸಿದ ಕಿಣ್ವದಲ್ಲಿ ಎಂಟು ಬದಲಾವಣೆಗಳಿದ್ದವು, ಬಿಸಿ ತಾಳುವ ಮಟ್ಟ 12 ಡಿಗ್ರಿ ಏರಿತ್ತು, ಹೊಟ್ಟೆಯ ಆಮ್ಲದಲ್ಲೂ ಅದು ಹೆಚ್ಚು ಹೊತ್ತು ಬಾಳಿತು. ಬದಲಾಯಿಸಿ ಆರಿಸುವ ಈ ವಿಧಾನವನ್ನು ಬೆಳೆಸಿದ್ದಕ್ಕೇ 2018ರಲ್ಲಿ ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಇವೆಲ್ಲ ದೂರದ ಕಥೆಗಳೆಂದು ಕೈಚೆಲ್ಲಬೇಕಾಗಿಲ್ಲ. ತೌಡಿನ ನಾರನ್ನು ಒಡೆಯುವ ಕ್ಸೈಲನೇಸ್ ಎಂಬ ಇನ್ನೊಂದು ಕಿಣ್ವವೂ ಕೋಳಿ ಆಹಾರಕ್ಕೆ ಸೇರುತ್ತದೆ. ಬ್ಯಾಸಿಲಸ್ ಎನ್‌ಜಿ-27 ಎಂಬ ಬ್ಯಾಕ್ಟೀರಿಯಾದ ಕ್ಸೈಲನೇಸ್ ಏಕೆ ಗಟ್ಟಿ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಎಸ್. ರಾಮಕುಮಾರ್ ಅವರ ತಂಡ ದೆಹಲಿಯ ವಿ.ಎಸ್. ರೆಡ್ಡಿ ಅವರ ತಂಡದೊಡನೆ ಸೇರಿ ಪರಿಶೀಲಿಸಿತು. ಸುಮಾರು 350 ಅಮೈನೊ ಆಮ್ಲಗಳ ಆ ಎಳೆಯಲ್ಲಿ ಮೊಟ್ಟಮೊದಲನೆಯ ಒಂದನ್ನು, ವ್ಯಾಲೀನನ್ನು, ಲ್ಯೂಸೀನ್ ಮಾಡಿದಾಗ ಬಿಸಿ ತಾಳುವ ಮಟ್ಟ ಸುಮಾರು 5 ಡಿಗ್ರಿ ಏರಿತು. ಎಳೆಯ ತುದಿ ಅಲ್ಲಾಡದೆ ಮೈಗೆ ಅಂಟಿಕೊಂಡಿದ್ದರೆ ಇಡೀ ಮಡಿಕೆ ಬಿಗಿಯಾಗಿರುತ್ತದೆ ಎಂಬುದು ಅದರಿಂದ ಹೊರಟ ಅರಿವು. ಅದೇ ಸಂಸ್ಥೆಯ ರಾಘವನ್ ವರದರಾಜನ್ ಅವರ ತಂಡ ರೂಪಿಸಿದ ಕೋವಿಡ್ ಲಸಿಕೆಯ ಪ್ರೋಟೀನು 37 ಡಿಗ್ರಿಯಲ್ಲಿ ಒಂದು ತಿಂಗಳು, 100 ಡಿಗ್ರಿಯಲ್ಲಿ 90 ನಿಮಿಷ ಕೆಡದೆ ಉಳಿಯಿತೆಂದು 2021ರಲ್ಲಿ ವರದಿಯಾಯಿತು. ಲಸಿಕೆಗೆ ಸಾಧ್ಯವಾದದ್ದು ಕೋಳಿ ಆಹಾರಕ್ಕೆ ಏಕೆ ಆಗಬಾರದು? ಕಿಣ್ವದ ಉದ್ಯಮವೂ ಕರ್ನಾಟಕಕ್ಕೆ ಹೊಸದಲ್ಲ. 1978ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಬಯೋಕಾನ್ ಮೊದಲು ತಯಾರಿಸಿದ್ದರಲ್ಲಿ ಪರಂಗಿ ಹಣ್ಣಿನ ಪಪೇನ್ ಕಿಣ್ವವೂ ಸೇರಿತ್ತು. 2007ರಲ್ಲಿ ಅದು ತನ್ನ ಕಿಣ್ವ ವಿಭಾಗವನ್ನು ಡೆನ್ಮಾರ್ಕಿನ ನೊವೊಜೈಮ್ಸ್‌ಗೆ ಮಾರಿತು.

ಕಿಣ್ವವನ್ನು ಬಿಗಿಮಾಡಿದರೆ ಅದು ಮಂದವಾಗುವುದಿಲ್ಲವೇ ಎಂಬ ಸಂದೇಹ ವಿಜ್ಞಾನಿಗಳಲ್ಲೇ ಬಹುಕಾಲ ಇತ್ತು. ಕೆಲಸ ಮಾಡಲು ಪ್ರೋಟೀನು ಸ್ವಲ್ಪ ಅಲುಗಬೇಕು, ಕುದಿಬಿಸಿಗೆಂದು ಕಟ್ಟಿದ್ದು ಕೋಳಿಯ 41 ಡಿಗ್ರಿಯಲ್ಲಿ ಮರಗಟ್ಟಿ ಕೂತೀತು ಎಂಬ ಭಯ. ಬಿಸಿನೀರಿನ ಬುಗ್ಗೆಗಳ ಕೆಲವು ಕಿಣ್ವಗಳು ಹಾಗೆ ವರ್ತಿಸುವುದೂ ನಿಜ. ಆದರೆ ಕೆಲಸ ಮಾಡುವ ಜಾಗವನ್ನು ಬಿಟ್ಟು ಬೇರೆಡೆ ಬಿಗಿಮಾಡಬಹುದು ಎಂಬುದಕ್ಕೆ ಮೇಲಿನ ಕ್ಸೈಲನೇಸ್ ಸಾಕ್ಷಿ, ಅದರ ಚುರುಕು ತಗ್ಗಲಿಲ್ಲ. ಮತ್ತೊಂದು ಆಕ್ಷೇಪ, ಪ್ರೋಟೀನನ್ನು ತಿದ್ದುವ ಗೋಜೇಕೆ, ಪುಡಿಯ ಕಣಕ್ಕೆ ಕೊಬ್ಬಿನ ಲೇಪನ ಕೊಟ್ಟರೆ ಆಯಿತಲ್ಲ ಎಂಬುದು. ಲೇಪನ ಉಪಯೋಗಕ್ಕೆ ಬರುತ್ತದೆ, ಹಲವರು ಬಳಸುತ್ತಾರೆ. ಆದರೆ ಲೇಪನ ದಪ್ಪವಾದಷ್ಟೂ ಕೋಳಿಯೊಳಗೆ ಅದು ಕರಗುವುದು ತಡ, ಕಿಣ್ವಕ್ಕಿರುವ ಕೆಲಸದ ಹೊತ್ತೋ ಬಹಳ ಕಡಿಮೆ. ಒಳಗಿನಿಂದಲೇ ಗಟ್ಟಿಯಿದ್ದರೆ ಲೇಪನ ತೆಳ್ಳಗಿದ್ದರೂ ನಡೆಯುತ್ತದೆ. ಮೊಳಕೆ ಕಟ್ಟಿದರೆ, ನೆನೆಹಾಕಿ ಹುಳಿಬರಿಸಿದರೆ ಫೈಟೇಟ್ ತಗ್ಗುತ್ತದೆ ಎಂಬುದು ನಮ್ಮ ಅಡುಗೆಮನೆಗಳ ಹಳೆಯ ಜಾಣ್ಮೆ. ಹತ್ತಾರು ನಾಟಿ ಕೋಳಿಗಳಿಗೆ ಅದನ್ನು ಧಾರಾಳವಾಗಿ ಮಾಡಬಹುದು, ದಿನಕ್ಕೆ ಟನ್ನುಗಟ್ಟಲೆ ಒಣ ಆಹಾರ ಬೇಕಾದ ಕಡೆ ಆಗದು.

ಪರಿಸರದ ವಾದವನ್ನು ಮಾತ್ರ ಎಚ್ಚರದಿಂದ ಮಾಡಬೇಕು. ನೆದರ್‌ಲೆಂಡ್ಸ್‌ನಲ್ಲಿ ಫೈಟೇಸ್ ಬೇಗ ಬೇರೂರಿದ್ದು ಅಲ್ಲಿ ಹಂದಿ, ಕೋಳಿಗಳ ಗೊಬ್ಬರವೇ ಹೊರೆಯಾಗಿ, ಅದರ ರಂಜಕ ನೀರಿಗೆ ಸೇರುವುದನ್ನು ಕಾನೂನು ತಡೆಯತೊಡಗಿದ್ದರಿಂದ. ನಮ್ಮಲ್ಲಿ ಕೋಳಿ ಗೊಬ್ಬರ ಮಾರಾಟದ ಸರಕು, ರೈತರು ಲಾರಿಯಲ್ಲಿ ತರಿಸಿ ಹೊಲಕ್ಕೆ ಹಾಕುತ್ತಾರೆ. ಹಿಕ್ಕೆಯಲ್ಲಿ ರಂಜಕ ಉಳಿದರೆ ನಷ್ಟವೇನು ಎಂದು ಅವರು ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಉತ್ತರವಿಷ್ಟೆ, ಡಿಸಿಪಿ ಕೊಂಡು ಕೋಳಿಯ ಮೂಲಕ ಹಾಯಿಸಿ ಹೊಲಕ್ಕೆ ರಂಜಕ ಹಾಕುವುದು ತೀರ ದುಬಾರಿಯ ದಾರಿ, ತೌಡಿನದು ಕೋಳಿಗೂ ದಕ್ಕಿ ಮಿಕ್ಕದ್ದು ಹೊಲಕ್ಕೆ ಹೋದರೆ ಇಬ್ಬರಿಗೂ ಲಾಭ. ಕುಲಾಂತರಿ ಸೂಕ್ಷ್ಮಜೀವಿಗಳಲ್ಲಿ ತಯಾರಾದ ಕಿಣ್ವ ಮೊಟ್ಟೆಗೆ ಬಂದೀತೆಂಬ ಆತಂಕವೂ ಕೇಳಿಬರುತ್ತದೆ. ಕಿಣ್ವ ಪ್ರೋಟೀನೇ ಆದ್ದರಿಂದ ಉಳಿದ ಪ್ರೋಟೀನಿನಂತೆ ಕೋಳಿಯ ಕರುಳಿನಲ್ಲಿ ಜೀರ್ಣವಾಗುತ್ತದೆ. ನಿಜವಾದ ಅಪಾಯ ಇನ್ನೊಂದು ಕಡೆ ಇದೆ, ಅದರ ಬಗ್ಗೆ ಮಾತು ಕಡಿಮೆ. ಕಿಣ್ವದ ದೂಳು ಉಸಿರಿನೊಂದಿಗೆ ಒಳಹೋದರೆ ಅಲರ್ಜಿ, ಉಬ್ಬಸ ಬರಬಹುದು. ಶೆಡ್ಡಿನಲ್ಲಿ ಬರಿಗೈಯಲ್ಲಿ, ಬರಿಮುಖದಲ್ಲಿ ಪುಡಿ ಬೆರೆಸುವ ಕೂಲಿಕಾರರಿಗೆ ಮುಖಗವಸು ಕೊಡುವುದು ಮಾಲೀಕರ ಕರ್ತವ್ಯ.

ಉಳಿದದ್ದು ವಿದೇಶಿ ಕಂಪನಿಗಳ ಹಂಗಿನ ಪ್ರಶ್ನೆ. ಪೇಟೆಂಟಿನ ಆಯಸ್ಸು ಇಪ್ಪತ್ತು ವರ್ಷ, ಆರಂಭದ ಫೈಟೇಸ್‌ಗಳ ಪೇಟೆಂಟು ಮುಗಿದಿದೆ, ಅವುಗಳನ್ನು ಗಟ್ಟಿಮಾಡಿದ ವಿಧಾನಗಳು ಪ್ರಬಂಧಗಳಲ್ಲಿ ಯಾರು ಬೇಕಾದರೂ ಓದುವಂತೆ ಇವೆ. ಕೊರತೆ ಇರುವುದು ಇಲ್ಲಿನ ಹವೆ, ಇಲ್ಲಿನ ತೌಡು, ಇಲ್ಲಿನ ಮ್ಯಾಷ್ ಇಟ್ಟುಕೊಂಡು ಮಾಡಿದ, ರೈತನ ಕೈಗೆ ಸಿಗುವ ಪರೀಕ್ಷೆಯಲ್ಲಿ. ಔಷಧಿಯನ್ನು ಮಾರುಕಟ್ಟೆಗೆ ತರುವ ಮುನ್ನ 40 ಡಿಗ್ರಿ ಬಿಸಿ, ನೂರಕ್ಕೆ 75ರ ತೇವದಲ್ಲಿ ಆರು ತಿಂಗಳು ಇಟ್ಟು ನೋಡುವ ಪದ್ಧತಿ ಇದೆ. ಆಹಾರದ ಕಿಣ್ವಕ್ಕೂ ಅದನ್ನೇ ಕೇಳಬೇಕು. ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ಪಶು ಪೋಷಣೆ ಮತ್ತು ಶರೀರಕ್ರಿಯೆಯ ರಾಷ್ಟ್ರೀಯ ಸಂಸ್ಥೆ ಇದೆ, ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಸಿರುಗುಪ್ಪದಲ್ಲೇ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವಿದೆ. ಮಾರುಕಟ್ಟೆಯಲ್ಲಿರುವ ಫೈಟೇಸ್‌ಗಳನ್ನು ಬಳ್ಳಾರಿಯ ಒಂದು ಗೋದಾಮಿನಲ್ಲಿ ಮಾರ್ಚಿನಿಂದ ಜೂನ್‌ವರೆಗೆ ಇಟ್ಟು, ತಿಂಗಳಿಗೊಮ್ಮೆ ಬಲ ಅಳೆದು, ಫಲಿತಾಂಶವನ್ನು ಹೆಸರು ಸಮೇತ ಕನ್ನಡದಲ್ಲಿ ಪ್ರಕಟಿಸಲು ಈ ಮೂರು ಸಂಸ್ಥೆಗಳಿಗೆ ದೊಡ್ಡ ಯಂತ್ರವಾಗಲಿ ಹೊಸ ಕಟ್ಟಡವಾಗಲಿ ಬೇಡ. ಅದು ಆಗುವವರೆಗೆ ಫಾರಂ ನಡೆಸುವವರು ಪುಡಿ ಮಾರಲು ಬಂದವರನ್ನು ಮೊದಲು ಕೇಳಬೇಕಾದದ್ದು ಯೂನಿಟ್ ಎಷ್ಟು ಎಂದಲ್ಲ. ಪ್ರಿಮಿಕ್ಸ್‌ನಲ್ಲಿ ಬೆರೆಸಿ 40 ಡಿಗ್ರಿಯಲ್ಲಿ ಮೂರು ತಿಂಗಳು ಇಟ್ಟರೆ ಅದರಲ್ಲಿ ಎಷ್ಟು ಉಳಿಯುತ್ತದೆ ಎಂದು ಕೇಳಲಿ, ಉತ್ತರವನ್ನು ಬರಹದಲ್ಲಿ ಪಡೆದುಕೊಂಡ ಮೇಲೆಯೇ ಡಿಸಿಪಿ ಕಡಿಮೆ ಮಾಡಲಿ.